ಸುತ್ತಿಗೆ ಎಲ್ಲಿಟ್ಟಿದ್ದೀರಿ?

ನಮ್ಮ ಭಾವನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮನೆ ಮಾತ್ರ ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯ ಹತ್ತಿರ. ಹಾಗಾಗಿ ಒಂದು ಸಣ್ಣ ದೋಣಿ ಇದೆ, ಅದರ ಹಿಂದೆ ಸಿಕ್ಕಿಸುವ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಎಂಜಿನ್ ಒಂದಿದೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಹಾರ್ಸ್‌ಪವರ್ ಒಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ರಿಯಾಯಿತಿ. ಭಾವನದು 8 ಹಾರ್ಸ್‌ಪವರ್. "ಕಾನೂನೇ ನಮ್ಮ ಕಡೆ ಇದೆ" ಎನ್ನುತ್ತಾರೆ. ಅವರು ಕಡಲಿಗೆ ಹೋಗುವುದೇ ಇಲ್ಲ, ಹೊಳೆಯಲ್ಲಿ ಗಾಳ ಹಾಕಿ ನಾಲ್ಕು ಕಾಣೆ ಮೀನು ಹಿಡಿದು ಬರುತ್ತಾರೆ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈ ಮಳೆಗಾಲ ಹಗ್ಗ ಎಷ್ಟು ಎಳೆದರೂ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ಮೈಗೆ ತಾಗಿಸಿ ನೋಡಿದರು, ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್, ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟ್ ಎಲ್ಲ ಇರುವುದು ಎಂಜಿನ್ನಿನ ತಲೆಯ ಮೇಲಿನ ಫ್ಲೈವೀಲ್ ಎಂಬ ಭಾರದ ಚಕ್ರದ ಅಡಿಯಲ್ಲಿ. ಮೊದಲು ಫ್ಲೈವೀಲ್ ತೆಗೆಯಬೇಕು. ಎಂಜಿನ್ ಕೊಟ್ಟಿಗೆಗೆ ಬಂತು, ಅಡ್ಡ ಹಲಗೆಯ ಮೇಲೆ ಕೂತಿತು.

ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಚಕ್ರವೂ ತಿರುಗುತ್ತದೆ. ಇದಕ್ಕೆ ಭಾವನ ಹತ್ತಿರ ಉಪಾಯವಿತ್ತು. ಪಿಸ್ಟನ್ ಮೇಲೆ ಬರುವಾಗ ಪ್ಲಗ್ಗಿನ ತೂತಿನಿಂದ ಹಗ್ಗ ತುರುಕಬೇಕು. ಹಗ್ಗ ಒಳಗೆ ಗಂಟಾಗಿ ಪಿಸ್ಟನ್ನನ್ನು ತಡೆಯುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಉಪಾಯ ನಿಜವಾಗಿಯೂ ಒಳ್ಳೆಯದು. ಆದರೆ ತುರುಕಿದ್ದು ಅಕ್ಕ ಬಟ್ಟೆ ಒಣಗಿಸಲು ಕಟ್ಟಿದ್ದ ಹತ್ತಿ ಹಗ್ಗವನ್ನು. ಜುಲೈ ತಿಂಗಳಲ್ಲಿ, ಕರಾವಳಿಯಲ್ಲಿ, ಒಳಗೆ ಬಟ್ಟೆ ಹರವುವ ಹಗ್ಗ ಬಿಚ್ಚಿಕೊಂಡು ಹೋದ ಗಂಡಸಿನ ಬಗ್ಗೆ ಅಕ್ಕ ಏನು ಹೇಳಿದಳು ಎಂದು ಇಲ್ಲಿ ಬರೆಯಲಾರೆ.

ನಟ್ ಬಂತು. ಚಕ್ರ ಬರಲಿಲ್ಲ.

ಅಷ್ಟರಲ್ಲಿ ಜನ ಸೇರಿದ್ದರು. ಮಳೆಗಾಲದಲ್ಲಿ ನಮ್ಮೂರಲ್ಲಿ ಯಾರಿಗೂ ಕೆಲಸ ಜಾಸ್ತಿ ಇರುವುದಿಲ್ಲ. ಬಿಚ್ಚಿಟ್ಟ ಎಂಜಿನ್ ಸುದ್ದಿ ಸಿಕ್ಕರೆ ಕೊಡೆ ಹಿಡಿದುಕೊಂಡಾದರೂ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ, "ಸುತ್ತಿಗೆ ಎಲ್ಲಿಟ್ಟಿದ್ದೀರಿ?"

ಪಕ್ಕದ ಮನೆಯ ಅಣ್ಣ ಮೇಲಿನಿಂದ ಎರಡು ಬಿಗಿದರು. ಚಕ್ರ ಕೆಳಗಿನಿಂದ ಮೇಲೆ ಬರಬೇಕು, ಮೇಲಿನಿಂದ ಹೊಡೆದರೆ ಹೇಗೆ ಬರುತ್ತದೆ ಎಂದು ನಾನು ಕೇಳಿದೆ. "ಅದಕ್ಕೆ ಹೆದರಿಕೆ ಆಗ್ಬೇಕಲ್ಲ" ಎಂದರು. ರಿಟೈರ್ಡ್ ಮೇಷ್ಟ್ರು ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬ ಪಾಠ ಶುರು ಮಾಡಿ, ಹಂಡೆಯ ಬಿಸಿನೀರು ತರಿಸಿ ಚಕ್ರದ ಮೇಲೆ ಸುರಿಸಿದರು. ಪಾಠ ಸರಿಯೇ. ಆದರೆ ನೀರು ಸುರಿದದ್ದು ಇಡೀ ಎಂಜಿನ್ನಿಗೆ. ಚಕ್ರದ ಜೊತೆ ಅದು ಕೂತಿರುವ ದಂಡ, ಅಂದರೆ ಶಾಫ್ಟೂ ಕಾದು ಹಿಗ್ಗಿದರೆ ಪ್ರಯೋಜನವೇನು? ಪಂಪ್ ರಿಪೇರಿಯವರು ಎರಡು ಕಡೆಯಿಂದ ಸ್ಕ್ರೂಡ್ರೈವರ್ ಕೊಟ್ಟು ಮೀಟೋಣ ಎಂದರು. ಅಡಿಯಲ್ಲಿ ಕಾಯಿಲ್ ಇದೆ ಎಂದು ಭಾವ ತಡೆದರು. ಇನ್ನೊಬ್ಬರು ತೆಂಗಿನೆಣ್ಣೆ ಬಿಟ್ಟರು. ನಮ್ಮ ಕಡೆ ಕೀಲಿಗೆ, ಕೂದಲಿಗೆ, ಕುತ್ತಿಗೆ ನೋವಿಗೆ ಎಲ್ಲದಕ್ಕೂ ಅದೇ ತಾನೆ.

ಎಣ್ಣೆ ಇಳಿಯಲಿ ಎಂದು ಎಲ್ಲರೂ ಚಾ ಕುಡಿಯುತ್ತಾ ಕೂತಾಗ ಮೇಷ್ಟ್ರು ಎಂಜಿನ್ನಿನ ಚರಿತ್ರೆಗೆ ಹೊರಳಿದರು. ಅಮೆರಿಕದ ಮಿಲ್ವಾಕಿ ಕಡೆ ಓಲೆ ಎವಿನ್‌ರೂಡ್ ಅಂತ ಒಬ್ಬರಿದ್ದರು. ಬೇಸಿಗೆಯಲ್ಲಿ ಹುಡುಗಿಗೆ ಐಸ್‌ಕ್ರೀಂ ತರಲು ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋದರಂತೆ. ವಾಪಸ್ ಬರುವಷ್ಟರಲ್ಲಿ ಐಸ್‌ಕ್ರೀಂ ಕರಗಿತ್ತಂತೆ. ಆ ಹಟಕ್ಕೆ ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್ ಮಾಡಿದರು ಎಂಬುದು ಕಥೆ. 1909ರಲ್ಲಿ ಮಾರಾಟಕ್ಕೆ ಬಂದ ಆ ಎಂಜಿನ್ ಬರೀ ಒಂದೂವರೆ ಹಾರ್ಸ್‌ಪವರಿನದು. ಆ ಹುಡುಗಿ ಅವರನ್ನು ಮದುವೆಯೂ ಆದರು, ವ್ಯಾಪಾರವನ್ನೂ ನೋಡಿಕೊಂಡರು. "ಅವರ ಬಟ್ಟೆ ಹಗ್ಗ ಮುಟ್ಟಿರಲಿಕ್ಕಿಲ್ಲ" ಎಂದು ಅಕ್ಕ ಒಳಗಿನಿಂದಲೇ ಹೇಳಿದಳು.

ಎಣ್ಣೆ ಇಳಿದರೂ ಚಕ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬಂದರಿನ ಹತ್ತಿರದ ಹಳೇ ಮೆಕ್ಯಾನಿಕ್ಕರನ್ನು ಕರೆಸಿದರು. ಬಂದವರು ಚಕ್ರದ ಮೇಲೆ ಬೆರಳಾಡಿಸಿ ಕೇಳಿದ್ದು ಇಷ್ಟೇ: "ಹೊಡ್ದದ್ ಯಾರ್?"

ಎಲ್ಲರೂ ಮಳೆ ನೋಡಿದರು.

ಅವರು ಹೇಳಿದ ವಿಷಯ ನನಗೆ ಗೊತ್ತಿರಲಿಲ್ಲ. ಶಾಫ್ಟಿನ ತುದಿ ಮೇಲೆ ಹೋದ ಹಾಗೆ ಸಪೂರ ಆಗುತ್ತದೆ. ಚಕ್ರದ ತೂತೂ ಅದೇ ಅಳತೆಗೆ ಇಳಿಜಾರು. ಸ್ಟೀಲ್ ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಿಕೊಳ್ಳುವುದಿಲ್ಲವೇ, ಹಾಗೆ ಎರಡೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ನಟ್ ಆ ಹಿಡಿತವನ್ನು ಬಿಗಿ ಮಾಡುತ್ತದೆ. ಮಧ್ಯೆ ಇರುವ ಅರ್ಧಚಂದ್ರದ ಪುಟ್ಟ ಕೀ ಚಕ್ರ ಎಲ್ಲಿ ಕೂರಬೇಕು ಎಂದು ತೋರಿಸುವುದಕ್ಕೆ ಅಷ್ಟೇ. ಅದರ ಮೇಲೆ ವರ್ಷಗಟ್ಟಲೆ ಉಪ್ಪುಗಾಳಿ. ಮೇಲಿನಿಂದ ಹೊಡೆದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಜಾಸ್ತಿ ಹೊಡೆದರೆ ಕೆಳಗಿನ ಬೇರಿಂಗಿಗೆ ಏಟು.

ಅವರ ಚೀಲದಿಂದ ಬಂದದ್ದು ಮೂರು ತೂತಿನ ಒಂದು ದಪ್ಪ ಪ್ಲೇಟ್, ಮಧ್ಯದಲ್ಲಿ ದೊಡ್ಡ ಬೋಲ್ಟ್. ಫ್ಲೈವೀಲಿನ ಮೇಲೆಯೇ ಬೋಲ್ಟ್ ತಿರುಗಿಸಲು ಮರೆ (ಥ್ರೆಡ್) ಕೊರೆದ ಮೂರು ತೂತುಗಳಿದ್ದವು. ಚಕ್ರ ಎಳೆದು ತೆಗೆಯುವ ಇಂಥ ಪುಲ್ಲರ್ ಹಾಕುವುದಕ್ಕೆಂದೇ ಕಂಪನಿಯವರು ಕೊಟ್ಟದ್ದು. ಅಷ್ಟು ಹೊತ್ತು ಅದನ್ನೇ ಸುತ್ತುವರಿದು ಕೂತಿದ್ದ ಒಬ್ಬರಿಗೂ ಅವು ಯಾಕಿವೆ ಎಂಬ ಯೋಚನೆ ಬಂದಿರಲಿಲ್ಲ. ಪಂಪಿನವರು ತಮ್ಮ ಮೂರು ಕಾಲಿನ ಪುಲ್ಲರನ್ನು ಅಂಚಿಗೆ ಸಿಕ್ಕಿಸಬಹುದಲ್ಲ ಎಂದರು. ಅಂಚು ಬಾಗಿದರೆ ಚಕ್ರವನ್ನು ಗುಜರಿಗೆ ಹಾಕಬೇಕಾಗುತ್ತದೆ ಎಂದು ಮೆಕ್ಯಾನಿಕ್ಕರು ಆ ಕಡೆ ತಿರುಗದೆಯೇ ಹೇಳಿದರು.

ಮರೆ ಹಾಳಾಗದಿರಲಿ ಎಂದು ನಟ್ಟನ್ನು ಶಾಫ್ಟಿನ ತುದಿಯ ಮಟ್ಟಕ್ಕೆ ವಾಪಸ್ ಹಾಕಿದರು. ಪ್ಲೇಟ್ ಕೂರಿಸಿ ಮಧ್ಯದ ಬೋಲ್ಟ್ ಬಿಗಿ ಮಾಡಿದರು. ಇನ್ನೂ ಬಿಗಿ ಮಾಡಿದರು. ಆಮೇಲೆ ಭಾವನ ಕಡೆ ಕೈ ಚಾಚಿದರು. "ಈಗ ಕೊಡಿ ಸುತ್ತಿಗಿ."

ಬೋಲ್ಟಿನ ತಲೆಗೆ ಒಂದೇ ಏಟು. ಟಪ್ ಅಂತ ಸದ್ದು, ಚಕ್ರ ಸಡಿಲ.

"ನೋಡಿ, ಎಣ್ಣೆ ಇಳಿದದ್ದು" ಎಂದರು ಎಣ್ಣೆಯವರು. ಬಿಸಿನೀರಿನ ಪಾಲು ಎಷ್ಟು ಎಂದು ಮೇಷ್ಟ್ರು ಲೆಕ್ಕ ಕೊಟ್ಟರು. ಪಕ್ಕದ ಮನೆಯ ಅಣ್ಣನಂತೂ ತಾವು ಮೊದಲೇ ಹೆದರಿಸಿ ಇಟ್ಟಿದ್ದೆ ಎಂಬ ನಂಬಿಕೆಯಲ್ಲಿ ಇಂದಿಗೂ ಇದ್ದಾರೆ.

ಪಾಯಿಂಟಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಎಮೆರಿ ಹಾಳೆಯಲ್ಲಿ ತಿಕ್ಕಿ ಗ್ಯಾಪ್ ಸರಿ ಮಾಡಿದರು. ಅದಕ್ಕೆ ಹಿಡಿದದ್ದು ಸ್ವಲ್ಪವೇ ಹೊತ್ತು. ಆದರೆ ಚಕ್ರ ವಾಪಸ್ ಹಾಕಲು ನೋಡಿದರೆ ಆ ಅರ್ಧಚಂದ್ರದ ಕೀ ಇಲ್ಲ! ಕೊಟ್ಟಿಗೆಯ ನೆಲದಲ್ಲಿ ಬೈಹುಲ್ಲು, ಕೆಸರು. ಊರಿನ ಗಣ್ಯರೆಲ್ಲ ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ಹುಡುಕಿದರು. ಮೊಬೈಲ್ ಟಾರ್ಚ್ ಬಂತು, ಕೊನೆಗೆ ಮೊರವೂ ಬಂತು. ಮೆಕ್ಯಾನಿಕ್ಕರು ಬೀಡಿ ಮುಗಿಯುವ ತನಕ ಸುಮ್ಮನಿದ್ದು, ಚಕ್ರವನ್ನು ಮಗುಚಿ ತೋರಿಸಿದರು. ಒಳಗೆ ಸುತ್ತಲೂ ಇರುವುದು ಆಯಸ್ಕಾಂತ. ಕೀ ಅದಕ್ಕೆ ಅಂಟಿಕೊಂಡು ಕೂತಿತ್ತು. ಪಕ್ಕದಲ್ಲಿ ಅಕ್ಕನ ಒಂದು ಹೇರ್‌ಪಿನ್ ಕೂಡ. ಅದು ಅಲ್ಲಿಗೆ ಹೇಗೆ ಹೋಯಿತೋ, ಆ ವಿಚಾರಣೆಯನ್ನು ಭಾವ ಮುಂದುವರಿಸಲಿಲ್ಲ.

ಮುಂದಿನ ಸಲ ಸುಲಭವಾಗಿ ಬರಲಿ, ಸ್ವಲ್ಪ ಗ್ರೀಸ್ ಹಾಕೋಣ ಎಂದು ಯಾರೋ ಅಂದರು. ಮೆಕ್ಯಾನಿಕ್ಕರು ಶಾಫ್ಟನ್ನು ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಒಣಗಿದ ಮೇಲೆಯೇ ಚಕ್ರ ಕೂರಿಸಿದರು. ಗ್ರೀಸ್ ಇದ್ದರೆ ಹಿಡಿತವೇ ಇರುವುದಿಲ್ಲವಂತೆ. ಎಂಜಿನ್ನಿನ ಕಾಲನ್ನು ಬಕೆಟ್ ನೀರಲ್ಲಿ ಇಳಿಸಿ ಹಗ್ಗ ಎಳೆದಾಗ ಅದು ಹೊಗೆ ಬಿಟ್ಟು ಎದ್ದಿತು. ಹೊಗೆಗೆ ತೆಂಗಿನೆಣ್ಣೆಯ ವಾಸನೆ ಬೇರೆ. ನೋಡಲು ಇನ್ನೇನೂ ಉಳಿದಿಲ್ಲ ಎಂದು ಜನ ಕೊಡೆ ಬಿಚ್ಚಿದರು.

ಭಾವ ಅದೇ ಅಳತೆಯ ಪ್ಲೇಟ್ ಒಂದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡರು. ಈಗ ಊರಲ್ಲಿ ಏನು ಸಿಕ್ಕಿಕೊಂಡರೂ ಅವರಿಗೆ ಫೋನ್ ಬರುತ್ತದೆ. ಮೊನ್ನೆ ಮೇಷ್ಟ್ರ ಮನೆಯ ಮಿಕ್ಸಿಯ ಕಪ್ಲರ್ ಬರುತ್ತಿಲ್ಲ ಎಂದು ಪುಲ್ಲರ್ ಹಿಡಿದುಕೊಂಡು ಹೋದರು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಅದನ್ನು ಉಲ್ಟಾ ತಿರುಗಿಸಿ ಬಿಚ್ಚಿ, ಹೊಸದನ್ನು ಹಾಕಿ, ಚಟ್ನಿಯನ್ನೂ ರುಬ್ಬಿ ಆಗಿತ್ತು. ಭಾವ ಎರಡು ದೋಸೆ ತಿಂದು ಬಂದರು.