ಒಂದೂ ಹೊಡೆತ ಹೊಡೆಯದ ಕ್ಯಾಪ್ಟನ್

ಗಾಲ್ಫ್‌ನ ರೈಡರ್ ಕಪ್‌ನಲ್ಲಿ ಕ್ಯಾಪ್ಟನ್ ಆಡುವ ರೂಢಿ ಈಗಿಲ್ಲ. 1963ರಲ್ಲಿ ಅಮೆರಿಕದ ಅರ್ನಾಲ್ಡ್ ಪಾಮರ್ ಕ್ಯಾಪ್ಟನ್ನೂ ಆಗಿ ಆಟಗಾರನೂ ಆಗಿ ಕಣಕ್ಕಿಳಿದದ್ದೇ ಕೊನೆ. ಆಮೇಲೆ ಬಂದವರೆಲ್ಲ ವಾಕಿಟಾಕಿ ಹಿಡಿದು, ಚಿಕ್ಕ ಗಾಡಿಯಲ್ಲಿ ಮೈದಾನ ಸುತ್ತುತ್ತಾರೆ. ಒಂದೇ ಒಂದು ಹೊಡೆತ ಹೊಡೆಯುವುದಿಲ್ಲ. ಆದರೂ ತಂಡ ಸೋತರೆ ಮೊದಲು ಕೇಳಿಬರುವ ಹೆಸರು ಅವರದೇ. ಬಾಗಲಕೋಟೆ ಜಿಲ್ಲೆಯ ಹೈಸ್ಕೂಲ್ ಒಂದರಲ್ಲಿ ಪಿ.ಟಿ. ಮಾಸ್ತರನಾಗಿ, ಕಬಡ್ಡಿ ತಂಡ ಕಟ್ಟಿಕೊಂಡು ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ ಅಂತ ಓಡಾಡುವ ನನಗೆ ಈ ಆಟದ ಹುಚ್ಚು ಹಿಡಿದದ್ದು ಇದೇ ಕಾರಣಕ್ಕೆ. ಗಾಲ್ಫ್ ಕೋಲು ಕೈಯಲ್ಲಿ ಹಿಡಿದವನಲ್ಲ, ಮೊಬೈಲ್‌ನಲ್ಲಿ ನೋಡಿಯೇ ಕಲಿತದ್ದು. ಬರಹ ಉದ್ದ ಆದೀತು, ಪುರಸೊತ್ತಿದ್ದಾಗ ಓದಿ.

ಪರಿಚಯ ಇಲ್ಲದವರಿಗೆ ಎರಡು ಮಾತು. ಎರಡು ವರ್ಷಕ್ಕೊಮ್ಮೆ ಅಮೆರಿಕ ಮತ್ತು ಯುರೋಪ್ ನಡುವೆ ನಡೆಯುವ ಸ್ಪರ್ಧೆ ಇದು. ಶುರುವಾದದ್ದು 1927ರಲ್ಲಿ. ಕಪ್ ಕೊಟ್ಟ ಸ್ಯಾಮ್ಯುಯೆಲ್ ರೈಡರ್ ಇಂಗ್ಲೆಂಡಿನ ಬೀಜದ ವ್ಯಾಪಾರಿ, ಒಂದು ಪೆನ್ನಿ ನಾಣ್ಯಕ್ಕೆ ಒಂದು ಪೊಟ್ಟಣದಂತೆ ಬೀಜ ಮಾರಿ ಮೇಲೆ ಬಂದವರು. ಬಹಳ ವರ್ಷ ಅಮೆರಿಕದ ಎದುರಾಳಿ ಬ್ರಿಟನ್. ಸೋತು ಸೋತು ಆ ಸ್ಪರ್ಧೆಯ ರುಚಿಯೇ ಕೆಟ್ಟಾಗ ಅಮೆರಿಕದವರೇ ಆದ ಜಾಕ್ ನಿಕ್ಲಸ್ ಇಡೀ ಯುರೋಪನ್ನು ಸೇರಿಸಿಕೊಳ್ಳಲು ಸಲಹೆ ಕೊಟ್ಟರು, 1979ರಿಂದ ಹಾಗೇ ಆಯಿತು. ತಂಡಕ್ಕೆ 12 ಮಂದಿ, ನಮ್ಮ ಕಬಡ್ಡಿ ತಂಡದಷ್ಟೇ. ಮೂರು ದಿನ, 28 ಪಂದ್ಯ, ಒಂದೊಂದಕ್ಕೆ ಒಂದು ಪಾಯಿಂಟ್, ಸಮ ಆದರೆ ಇಬ್ಬರಿಗೂ ಅರ್ಧರ್ಧ. ಶುಕ್ರವಾರ, ಶನಿವಾರ ಜೋಡಿ ಆಟ. ಭಾನುವಾರ ಹನ್ನೆರಡೂ ಮಂದಿ ಒಬ್ಬರ ಎದುರು ಒಬ್ಬರು. ಗೆದ್ದವರಿಗೆ ಬಹುಮಾನದ ಹಣ ಇಲ್ಲ. ವರ್ಷವಿಡೀ ಕೋಟಿಗಟ್ಟಲೆ ದುಡಿಯುವವರು ಈ ಮೂರು ದಿನ ಮಾತ್ರ ಕೈ ನಡುಗಿಸಿಕೊಂಡು ಆಡುತ್ತಾರೆ. ಕೋಟಿ ರೂಪಾಯಿಯ ಪಂದ್ಯದಲ್ಲಿ ಬಾರದ ಭಯ ಇಲ್ಲಿ ಯಾಕೆ ಬರುತ್ತದೆ? ತನ್ನ ತಪ್ಪಿಗೆ ಇನ್ನೊಬ್ಬ ಸೋಲುತ್ತಾನಲ್ಲ, ಅದಕ್ಕೆ.

ಅದರಲ್ಲೂ ಫೋರ್‌ಸಮ್ಸ್ ಅನ್ನುವ ಆಟ ನೋಡಬೇಕು. ಇಬ್ಬರಿಗೆ ಸೇರಿ ಒಂದೇ ಚೆಂಡು, ಸರದಿ ಪ್ರಕಾರ ಹೊಡೆಯಬೇಕು. ನೀವು ಹೊಡೆದದ್ದು ಕಂಟಿಯಲ್ಲಿ ಬಿದ್ದರೆ ಅಲ್ಲಿಂದ ತೆಗೆಯುವವನು ನಿಮ್ಮ ಜೋಡಿ. ಚೆಂಡು ಬೀಳಿಸಬೇಕಾದ ಕುಳಿಗಳಲ್ಲಿ ಬೆಸ ಸಂಖ್ಯೆಯವಕ್ಕೆ ಒಬ್ಬ ಶುರು ಮಾಡಿದರೆ ಸಮ ಸಂಖ್ಯೆಯವಕ್ಕೆ ಇನ್ನೊಬ್ಬ. ಯಾವ ಕುಳಿಗೆ ಯಾರ ಹೊಡೆತ ಬೀಳುತ್ತದೆ ಅಂತ ಲೆಕ್ಕ ಹಾಕಿಯೇ ಜೋಡಿ ಕಟ್ಟಬೇಕು. ಚೆಂಡಿನದೂ ಒಂದು ಜಗಳ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಂಪನಿಯ ಚೆಂಡು ಕೈಗೆ ಒಗ್ಗಿರುತ್ತದೆ, ಒಂದು ಹೆಚ್ಚು ತಿರುಗುತ್ತದೆ, ಇನ್ನೊಂದು ಕಡಿಮೆ. ಇಬ್ಬರಲ್ಲಿ ಒಬ್ಬ ತನ್ನ ಅಭ್ಯಾಸ ಬಿಡಲೇಬೇಕು.

2004ರಲ್ಲಿ ಅಮೆರಿಕದ ಕ್ಯಾಪ್ಟನ್ ಹಾಲ್ ಸಟನ್ ತಮ್ಮ ಬಳಿಯಿದ್ದ ಇಬ್ಬರು ದೊಡ್ಡ ಆಟಗಾರರನ್ನು, ಟೈಗರ್ ವುಡ್ಸ್ ಮತ್ತು ಫಿಲ್ ಮಿಕೆಲ್ಸನ್ ಅವರನ್ನು, ಒಂದೇ ಜೋಡಿ ಮಾಡಿದರು. ಮೇಲ್ನೋಟಕ್ಕೆ ಯಾರಿಗಾದರೂ ಸರಿ ಅನ್ನಿಸುವ ಮಾತು. ಆದರೆ ಇಬ್ಬರಿಗೂ ಅಷ್ಟಕ್ಕಷ್ಟೇ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಶುಕ್ರವಾರ ಬೆಳಗ್ಗೆ ಸೋತರು, ಮಧ್ಯಾಹ್ನ ಮತ್ತೆ ಸೋತರು. ಮಧ್ಯಾಹ್ನದ ಪಂದ್ಯದ ಕೊನೆಯ ಕುಳಿಯಲ್ಲಿ ಮಿಕೆಲ್ಸನ್ ಹೊಡೆದ ಚೆಂಡು ಎಡಕ್ಕೆ ಎಲ್ಲೋ ಹೋಗಿ ಬೇಲಿ ಪಕ್ಕ ನಿಂತಿತು. ಅದನ್ನು ತೆಗೆಯುವ ಸರದಿ ವುಡ್ಸ್‌ರದು. ಆಗಿನ ಅವರ ಮುಖ ನೋಡಿದರೆ ಸಾಕು, ಆ ಜೋಡಿಯ ಕಥೆ ಬೇರೆ ಯಾರೂ ಹೇಳಬೇಕಿಲ್ಲ. ವರ್ಷಗಳ ನಂತರ, 2016ರಲ್ಲಿ, ಮಿಕೆಲ್ಸನ್ ಬಾಯಿಬಿಟ್ಟರು: ವುಡ್ಸ್ ಜತೆ ಆಡಬೇಕು ಅಂತ ತಮಗೆ ತಿಳಿದದ್ದೇ ಎರಡು ದಿನ ಮುಂಚೆ, ವುಡ್ಸ್‌ರ ಚೆಂಡು ತಮ್ಮದಕ್ಕಿಂತ ಬೇರೆ, ತಯಾರಿಯ ಹೊತ್ತೆಲ್ಲ ಆ ಚೆಂಡಿಗೆ ಒಗ್ಗಿಕೊಳ್ಳುವುದರಲ್ಲೇ ಹೋಯಿತು ಅಂತ. ಆ ಸಲ ಯುರೋಪ್ 18½–9½ರಿಂದ ಗೆದ್ದಿತು.

ಹತ್ತು ವರ್ಷ ಬಿಟ್ಟು ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಯುರೋಪಿನ ಕ್ಯಾಪ್ಟನ್ ಪಾಲ್ ಮೆಕ್‌ಗಿನ್ಲಿ ಮಾಡಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ತಂಡದಲ್ಲಿ ವಿಕ್ಟರ್ ದ್ಯುಬ್ವಿಸ್ಸನ್ ಅನ್ನುವ ಫ್ರಾನ್ಸಿನ ಹೊಸ ಹುಡುಗ, ಯಾರೊಂದಿಗೂ ಹೆಚ್ಚು ಮಾತಿಲ್ಲ. ಅವನನ್ನು ನೋಡಿಕೊಳ್ಳುವ ಕೆಲಸವನ್ನು ಮೆಕ್‌ಗಿನ್ಲಿ ಮುಂಚಿತವಾಗಿಯೇ ಗ್ರೇಮ್ ಮೆಕ್‌ಡೊವೆಲ್‌ಗೆ ಒಪ್ಪಿಸಿದರು. ಮೆಕ್‌ಡೊವೆಲ್ ಅಂದರೆ ಗಾಲ್ಫ್‌ನ ಯುಎಸ್ ಓಪನ್ ಗೆದ್ದವರು, ಎಲ್ಲ ಸುತ್ತೂ ಆಡುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಆ ಜೋಡಿ ಆಡಿದ ಎರಡು ಫೋರ್‌ಸಮ್ಸ್ ಪಂದ್ಯಗಳನ್ನೂ ಗೆದ್ದಿತು. ಭಾನುವಾರ ಮೊದಲ ಪಂದ್ಯಕ್ಕೇ ಮೆಕ್‌ಡೊವೆಲ್ ಇಳಿದು ಜೋರ್ಡನ್ ಸ್ಪೀತ್‌ರನ್ನು ಸೋಲಿಸಿದರು. ನನ್ನ ಲೆಕ್ಕದಲ್ಲಿ ಕ್ಯಾಪ್ಟನ್‌ಗಿರಿ ಅಂದರೆ ಇದು. ಯಾರ ಪಕ್ಕ ಯಾರನ್ನು ನಿಲ್ಲಿಸಬೇಕು, ಅದನ್ನು ಅವನಿಗೆ ಯಾವಾಗ ತಿಳಿಸಬೇಕು. ಮೈದಾನಕ್ಕೆ ಇಳಿಯುವ ಮುಂಚೆಯೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಅದೇ ಸಲ ಸೋತ ಅಮೆರಿಕದ ಕ್ಯಾಪ್ಟನ್ ಟಾಮ್ ವಾಟ್ಸನ್ ಮೇಜರ್ ಅನ್ನುವ ಅತಿ ದೊಡ್ಡ ಪ್ರಶಸ್ತಿಗಳನ್ನು ಎಂಟು ಸಲ ಗೆದ್ದ ಮಹಾನ್ ಆಟಗಾರ. ಪತ್ರಿಕಾಗೋಷ್ಠಿಯಲ್ಲಿ ಅವರು ಕುಳಿತಿರುವಾಗಲೇ ಮಿಕೆಲ್ಸನ್, ತಮ್ಮನ್ನು ಯಾವ ನಿರ್ಧಾರಕ್ಕೂ ಕೇಳಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿಬಿಟ್ಟರು. ಹಿರಿಯರ ಎದುರು ಹಾಗೆ ಆಡಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಹೇಳಿದ ವಿಷಯ ಮಾತ್ರ ನಿಜ.

ಈಗ ನಮ್ಮ ಕಡೆ ಬರೋಣ. ನಮ್ಮ ತಾಲೂಕು ಕೂಟಗಳಲ್ಲಿ ಕಬಡ್ಡಿ ಕ್ಯಾಪ್ಟನ್ ಹೇಗೆ ಹುಟ್ಟುತ್ತಾನೆ? ಮೈದಾನದ ಬಾಜೂ ಕಟ್ಟೆಯ ಮೇಲೆ ಕೂತು ಎಂಟ್ರಿ ಫಾರ್ಮ್ ತುಂಬುವಾಗ. ‘ನಾಯಕನ ಹೆಸರ ಏನ್ ಬರೀಲ್ರಿ ಸರ?’ ‘ಆ ಎತ್ತರದಾಂವ ಯಾರದಾನ, ಅಂವಂದು ಬರದ ಬಿಡ್ರಿ.’ ಇಲ್ಲವೇ ಚಲೋ ರೇಡ್ ಹೋಗುವವನ ಹೆಸರು. ಇಲ್ಲವೇ ಊರಲ್ಲಿ ನಾಲ್ಕು ಮಂದಿಗೆ ಬೇಕಾದವರ ಮಗನ ಹೆಸರು. ಟಾಸ್ ಹಾಕುವುದು, ಕಪ್ ತೆಗೆದುಕೊಳ್ಳುವಾಗ ಫೋಟೋಕ್ಕೆ ನಡುವೆ ನಿಲ್ಲುವುದು, ಇಷ್ಟೇ ಅವನ ಕೆಲಸ ಅಂತ ಹುಡುಗರೂ ತಿಳಿದಿದ್ದಾರೆ. ರೇಡ್ ಹೋಗುವ ಹುಡುಗನ ತಲೆಯಲ್ಲಿ ಆಗಲೇ ನೂರು ಭಾರ ಇರುತ್ತದೆ. ಅವನು ಔಟಾಗಿ ಹೊರಗೆ ಕೂತಾಗ ಒಳಗಿರುವವರಿಗೆ ಹೇಳುವವರೇ ಇಲ್ಲ. ಕಾರ್ನರ್‌ನಲ್ಲಿ, ಅಂದರೆ ಅಂಚಿನಲ್ಲಿ, ಇರುವವನು ಎದುರಿನ ರೇಡರ್ ಕಾಲಿಗೆ ಹೋದದ್ದು ಒಳಗಡೆ ನಿಲ್ಲುವ ಕವರ್‌ನವನಿಗೆ ಗೊತ್ತಾಗದೆ, ಇಬ್ಬರೂ ಒಬ್ಬೊಬ್ಬರೇ ಹಿಡಿಯಲು ಹೋಗಿ ಒಂದೇ ರೇಡ್‌ನಲ್ಲಿ ಇಬ್ಬರೂ ಔಟ್. ಎಷ್ಟೋ ಪಂದ್ಯ ನಾವು ಸೋತಿರುವುದು ಹೀಗೆ, ಎದುರಿನವರ ಬಲದಿಂದ ಸೋತದ್ದು ಕಡಿಮೆ.

ನಮ್ಮ ಶಾಲೆಗೆ ಸಿಕ್ಕ ಒಬ್ಬ ಒಳ್ಳೆಯ ಕ್ಯಾಪ್ಟನ್ ಬಗ್ಗೆ ಹೇಳಬೇಕು. ಹೆಸರು ಬೇಡ, ಈಗ ದೊಡ್ಡವನಾಗಿ ದುಡಿಮೆಯಲ್ಲಿದ್ದಾನೆ. ಎಡ ಕವರ್‌ನಲ್ಲಿ ಆಡುತ್ತಿದ್ದ, ತಂಡದ ಅತ್ಯುತ್ತಮ ಆಟಗಾರನೇನಲ್ಲ. ವಿಭಾಗ ಮಟ್ಟದ ಪಂದ್ಯಕ್ಕೆ ಬೆಳಗಾವಿಗೆ ಹೋಗಿದ್ದೆವು. ಶಾಲೆಯೊಂದರ ಕೋಣೆಯಲ್ಲಿ ಬೆಂಚು ಸರಿಸಿ, ಜಮಖಾನೆ ಹಾಸಿ ಮಲಗುವ ವ್ಯವಸ್ಥೆ. ಕೋಣೆಗೆ ಒಂದೇ ಫ್ಯಾನು, ಎಲ್ಲರೂ ಅದರ ಕೆಳಗೇ ಬೇಕು ಅಂತ ಗದ್ದಲ. ಈ ಹುಡುಗ ಎದ್ದು ನಿಂತು ಮರುದಿನ ಹೆಚ್ಚು ರೇಡ್ ಹೋಗಬೇಕಾದವನನ್ನು ಫ್ಯಾನ್ ಕೆಳಗೆ ಮಲಗಿಸಿದ. ಅವನ ಪಕ್ಕಕ್ಕೆ, ವಾರದ ಹಿಂದೆ ಜಗಳ ಮಾಡಿಕೊಂಡು ಮಾತು ಬಿಟ್ಟಿದ್ದ ಇಬ್ಬರನ್ನು ಒಂದೇ ಚಾದರದಲ್ಲಿ ಮಲಗಿಸಿದ. ಅವರೇ ನಮ್ಮ ಬಲಗಡೆಯ ಕಾರ್ನರ್ ಮತ್ತು ಕವರ್. ತಾನು ಬಾಗಿಲ ಬಳಿ, ಸೊಳ್ಳೆ ಕಡಿಸಿಕೊಳ್ಳುತ್ತ. ನಾನು ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ‘ಯಾಕೋ ಹಂಗ ಮಾಡ್ದಿ?’ ಅಂದರೆ, ‘ನಾಳೆ ಅವರಿಬ್ಬರೂ ಕೈ ಹಿಡಕೊಂಡ ನಿಲ್ಲಬೇಕಲ್ರಿ ಸರ’ ಅಂದ.

2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬೆತ್‌ಪೇಜ್‌ನಲ್ಲಿ ನಡೆದ ರೈಡರ್ ಕಪ್ ನೋಡುವಾಗ ಆ ಹುಡುಗ ಮತ್ತೆ ಮತ್ತೆ ನೆನಪಾದ. ಯುರೋಪಿನ ಕ್ಯಾಪ್ಟನ್ ಲ್ಯೂಕ್ ಡೊನಾಲ್ಡ್ ಹೋಟೆಲಿನ ಶಾಂಪೂ ಬದಲಿಸಿದ್ದರು. ಬಾಗಿಲ ಸಂದಿಯಿಂದ ಬೆಳಕು ಬಂದು ಆಟಗಾರರ ನಿದ್ದೆ ಕೆಡಬಾರದು ಅಂತ ಆ ಸಂದಿ ಮುಚ್ಚಿಸಿದ್ದರು. ಪ್ರೇಕ್ಷಕರ ಬೈಗುಳ ಕೇಳಿ ಎದೆಗುಂದದಿರಲಿ ಅಂತ ತಲೆಗೆ ಹಾಕಿಕೊಳ್ಳುವ ವಿಆರ್ ಸಾಧನದಲ್ಲಿ ಬೈಗುಳವನ್ನೇ ಮೊದಲೇ ಕೇಳಿಸಿ ಅಭ್ಯಾಸ ಮಾಡಿಸಿದ್ದರು. ಇಂಥವನ್ನು ಸಣ್ಣತನ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 1983ರಲ್ಲಿ ಟೋನಿ ಜಾಕ್ಲಿನ್ ಯುರೋಪಿನ ಕ್ಯಾಪ್ಟನ್ ಆಗಲು ಒಪ್ಪುವಾಗ ಆಟಗಾರರಿಗೆ ಅತಿ ವೇಗದ ಕಾಂಕಾರ್ಡ್ ವಿಮಾನ ಬೇಕು, ಒಳ್ಳೆಯ ಬಟ್ಟೆ ಬೇಕು, ಕೋಲಿನ ಚೀಲ ಹೊರುವ ಅವರವರ ಕ್ಯಾಡಿಗಳನ್ನೇ ಕರೆದೊಯ್ಯಬೇಕು ಅಂತ ಪಟ್ಟು ಹಿಡಿದಿದ್ದರು. ಎರಡೇ ವರ್ಷಕ್ಕೆ, 1985ರಲ್ಲಿ, ಯುರೋಪ್ ಮೊದಲ ಸಲ ಕಪ್ ಗೆದ್ದಿತು. ನೀನು ನಮಗೆ ಬೇಕಾದವನು ಅಂತ ಆಟಗಾರನಿಗೆ ಬಾಯಲ್ಲಿ ಹೇಳುವುದು ಬೇರೆ, ವ್ಯವಸ್ಥೆಯಲ್ಲಿ ಕಾಣಿಸುವುದು ಬೇರೆ. ಮೂರು ಬಣ್ಣದ ಹಳೇ ಜರ್ಸಿ ಹಂಚಿ, ಬಿಸಿಲಲ್ಲಿ ನಿಲ್ಲಿಸಿ, ಊಟಕ್ಕೆ ಮೂರು ಗಂಟೆ ಕಾಯಿಸಿದ ಹುಡುಗರಿಂದ ಜಿಲ್ಲೆಯ ಮಾನ ಉಳಿಸಿ ಅಂತ ಕೇಳುವ ಹಕ್ಕು ನಮಗೆ ಎಲ್ಲಿಂದ ಬರಬೇಕು?

ಬೆತ್‌ಪೇಜ್‌ನಲ್ಲಿ ಸೋತವರ ಕಡೆಯೂ ನೋಡಬೇಕಾದದ್ದಿದೆ. ಅಮೆರಿಕದ ಕ್ಯಾಪ್ಟನ್ ಕೀಗನ್ ಬ್ರಾಡ್ಲಿ ಆಗ ಒಳ್ಳೆಯ ಆಟದಲ್ಲಿದ್ದರು, ತಮ್ಮನ್ನು ತಾವೇ ತಂಡಕ್ಕೆ ಆರಿಸಿಕೊಳ್ಳಬಹುದಿತ್ತು. ಆರಿಸಿಕೊಳ್ಳಲಿಲ್ಲ. 2023ರಲ್ಲಿ ಬೇರೆಯವರು ಕೈಬಿಟ್ಟಿದ್ದರು, ಈ ಸಲ ತಾವೇ ತಮ್ಮನ್ನು ಕೈಬಿಟ್ಟರು. ಆ ತ್ಯಾಗಕ್ಕೆ ನನ್ನ ನಮಸ್ಕಾರ. ಆದರೆ ಜೋಡಿಯ ವಿಷಯದಲ್ಲಿ ಎಡವಿದರು. ಫೋರ್‌ಸಮ್ಸ್‌ನಲ್ಲಿ ಕಾಲಿನ್ ಮೊರಿಕಾವಾ ಮತ್ತು ಹ್ಯಾರಿಸ್ ಇಂಗ್ಲಿಷ್ ಜೋಡಿ ಯುರೋಪಿನ ರೋರಿ ಮೆಕಿಲ್‌ರಾಯ್ ಮತ್ತು ಟಾಮಿ ಫ್ಲೀಟ್‌ವುಡ್ ಎದುರು ಶುಕ್ರವಾರ ಸೋತಿತು. ಶನಿವಾರವೂ ಅದೇ ಜೋಡಿ, ಅದೇ ಎದುರಾಳಿ, ಮತ್ತೆ ಸೋಲು. ಜಗತ್ತಿನ ಒಂದನೇ ನಂಬರಿನ ಸ್ಕಾಟಿ ಷೆಫ್ಲರ್ ಎರಡು ದಿನಗಳ ನಾಲ್ಕೂ ಜೋಡಿ ಪಂದ್ಯ ಸೋತರು. ಅದೇ ಷೆಫ್ಲರ್ ಭಾನುವಾರ ಒಂಟಿಯಾಗಿ ಇಳಿದು ಮೆಕಿಲ್‌ರಾಯ್‌ರನ್ನೇ ಸೋಲಿಸಿದರು. ಕೊನೆಯ ದಿನ ಅಮೆರಿಕ ಚೆನ್ನಾಗಿಯೇ ಆಡಿತು, ಆದರೆ ಯುರೋಪ್ ಶನಿವಾರದ ಹೊತ್ತಿಗೆ ಪಡೆದಿದ್ದ 11½–4½ರ ಅಂತರ ತುಂಬಿಸಲು ಆಗಲಿಲ್ಲ, 15–13ಕ್ಕೆ ಯುರೋಪ್ ಗೆದ್ದಿತು. ಮೈದಾನವನ್ನು ಸಿದ್ಧಪಡಿಸಿದ್ದರಲ್ಲಿ ತಪ್ಪು ನನ್ನದು ಅಂತ ಬ್ರಾಡ್ಲಿ ಎಲ್ಲರ ಮುಂದೆ ಒಪ್ಪಿಕೊಂಡರು. ಹುಡುಗರು ಸರಿಯಾಗಿ ಆಡಲಿಲ್ಲ ಅನ್ನಲಿಲ್ಲ. ನಮ್ಮಲ್ಲಿ ಸೋತ ಸಂಜೆ ಕ್ರೂಸರ್ ಗಾಡಿ ಹತ್ತುವ ಮೊದಲೇ ‘ಇಂವನಿಂದ ಹೋತು’ ಅಂತ ಒಬ್ಬ ಹುಡುಗನ ಹೆಸರು ಹೇಳಿ ಮುಗಿಸುವ ದೊಡ್ಡವರನ್ನು ನಾನು ಬಹಳ ನೋಡಿದ್ದೇನೆ.

ಸೋಲಿಗೆ ಕಾರಣನಾದವನನ್ನು ಏನು ಮಾಡಬೇಕು ಅನ್ನುವುದರಲ್ಲಿ ಕ್ಯಾಪ್ಟನ್‌ನ ತೂಕ ಗೊತ್ತಾಗುತ್ತದೆ. ಬೆಂಗಳೂರಿನ ಅನಿರ್ಬನ್ ಲಾಹಿರಿ 2015ರಲ್ಲಿ ಪ್ರೆಸಿಡೆಂಟ್ಸ್ ಕಪ್ ಆಡಿದ ಮೊದಲ ಭಾರತೀಯ. ಅದು ಅಮೆರಿಕ ಮತ್ತು ಯುರೋಪ್ ಬಿಟ್ಟು ಉಳಿದ ಜಗತ್ತಿನ ನಡುವಿನ ಸ್ಪರ್ಧೆ. ದಕ್ಷಿಣ ಕೊರಿಯಾದಲ್ಲಿ, ಭಾನುವಾರದ ಕೊನೆಯ ಕುಳಿಯಲ್ಲಿ, ನಾಲ್ಕಡಿ ದೂರದಿಂದ ಚೆಂಡು ಕುಳಿಗೆ ಬೀಳಲಿಲ್ಲ. ತಂಡ ಸೋತದ್ದು ಒಂದೇ ಪಾಯಿಂಟ್‌ನಿಂದ, 15½–14½. ಆ ನಾಲ್ಕಡಿಯನ್ನು ಎಷ್ಟು ಸಲ ನೋಡಿದರೂ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಎರಡು ವರ್ಷದ ನಂತರ ಅದೇ ಕ್ಯಾಪ್ಟನ್ ನಿಕ್ ಪ್ರೈಸ್, ತಮ್ಮ ಸ್ವಂತ ಆಯ್ಕೆಯ ಸ್ಥಾನಕ್ಕೆ ಮತ್ತೆ ಲಾಹಿರಿಯವರನ್ನೇ ಕರೆದರು. 2017ರ ಆ ಸಲ ಅಮೆರಿಕ ಶನಿವಾರವೇ ಕಪ್ ಮುಗಿಸುವ ಹಂತಕ್ಕೆ ಬಂದಿತ್ತು. ದಿನದ ಕೊನೆಯ ಪಂದ್ಯ ಗೆದ್ದು ಅದನ್ನು ತಡೆದ ಜೋಡಿ ಲಾಹಿರಿ ಮತ್ತು ಕೊರಿಯಾದ ಕಿಮ್ ಸಿ-ವೂ. ಯುರೋಪಿನ ಬರ್ನ್‌ಹಾರ್ಡ್ ಲ್ಯಾಂಗರ್ 1991ರಲ್ಲಿ ಕೊನೆಯ ಪಂದ್ಯದ ಕೊನೆಯ ಕುಳಿಯಲ್ಲಿ ಆರಡಿಯ ಚೆಂಡು ತಪ್ಪಿಸಿ ಕಪ್ ಕಳೆದವರು. ಮೇಲೆ ಹೇಳಿದೆನಲ್ಲ, 2004ರಲ್ಲಿ 18½–9½ರಿಂದ ಗೆದ್ದ ತಂಡ, ಅದರ ಕ್ಯಾಪ್ಟನ್ ಇದೇ ಲ್ಯಾಂಗರ್.

ನನ್ನ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, ‘ಸರ, ಅವರ ಹೋಟೆಲ್ಲು ಎಲ್ಲಿ, ನಮ್ಮ ಕ್ರೂಸರ್ ಗಾಡಿ ಎಲ್ಲಿ, ಬಿಡ್ರಿ’ ಅಂದರು. ರೊಕ್ಕ ಬೇಕಾಗುವ ಮಾತು ನಾನು ಆಡುತ್ತಿಲ್ಲ. ಶಾಲೆ ಶುರುವಾದ ಮೊದಲ ತಿಂಗಳಲ್ಲೇ ಕ್ಯಾಪ್ಟನ್ ಯಾರು ಅಂತ ಗೊತ್ತುಮಾಡೋಣ. ಅವನು ದೊಡ್ಡ ಆಟಗಾರನೇ ಆಗಬೇಕಿಲ್ಲ, ಉಳಿದ ಹನ್ನೊಂದು ಮಂದಿಯ ಮನೆ, ಮನಸ್ಸು ಬಲ್ಲವನಾಗಿದ್ದರೆ ಸಾಕು. ಹನ್ನೆರಡು ಮಂದಿಯನ್ನು ಆರಿಸುವಾಗ ಅವನನ್ನೂ ಪಕ್ಕ ಕೂಡಿಸಿಕೊಂಡು ಕೇಳೋಣ. ಯಾವ ಕಾರ್ನರ್‌ಗೆ ಯಾವ ಕವರ್ ಅನ್ನುವುದನ್ನು ಅವನೇ ಬರೆಯಲಿ, ಅವನು ಬರೆದದ್ದರಿಂದ ತಂಡ ಸೋತರೂ ಮುಂದಿನ ಪಂದ್ಯಕ್ಕೆ ಅವನೇ ಬರೆಯಲಿ. ಹೆಣ್ಣುಮಕ್ಕಳ ತಂಡಕ್ಕೂ ಇದೇ ಮಾತು. ಅಲ್ಲಂತೂ ಕ್ಯಾಪ್ಟನ್ ಹೆಸರು ಫಾರ್ಮ್ ಮೇಲೆ ಬಿಟ್ಟರೆ ಬೇರೆಲ್ಲೂ ಕೇಳಿಸುವುದೇ ಇಲ್ಲ.

ಈ ವರ್ಷ ನಮ್ಮ ಶಾಲೆಯಲ್ಲಿ ಇದನ್ನು ಮಾಡುತ್ತಿದ್ದೇನೆ, ದೈಹಿಕ ಶಿಕ್ಷಕರ ಸಭೆಯಲ್ಲೂ ಎತ್ತುತ್ತೇನೆ. ಜಮಖಂಡಿ, ಮುಧೋಳ, ಬಾದಾಮಿ, ಹುನಗುಂದ ಕಡೆಯ ಗೆಳೆಯರು, ಆಚೆ ಇಂಡಿ, ಸಿಂದಗಿಯವರು, ನಿಮ್ಮಲ್ಲಿ ಕ್ಯಾಪ್ಟನ್ ಹೇಗೆ ಆರಿಸುತ್ತೀರಿ ಅಂತ ಕೆಳಗೆ ಬರೆಯಿರಿ. ಬೇರೆ ಪದ್ಧತಿ ಇದ್ದರೆ ಅದನ್ನೂ ಸಭೆಗೆ ಒಯ್ಯುತ್ತೇನೆ.