ಪ್ರಿಂಟ್ ಹೊಡೆದರೆ ಡಿಸೈನ್ ಆಯ್ತಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸೀರೆ ನೋಡಲು ಹೋದರೆ ಈಗ ಈ ಮಾತು ಕೇಳಿಸುತ್ತದೆ: "ಅಕ್ಕಾ, ಇದು ಬಿದರಿ ಡಿಸೈನ್ ಅದ ನೋಡ್ರಿ." ಬಿಚ್ಚಿ ನೋಡಿದರೆ ಪಳಪಳ ಹೊಳೆಯುವ ಕರಿ ಸ್ಯಾಟಿನ್. ಅದರ ಮೇಲೆ ಬೂದು ಬಣ್ಣದ ಹೂಬಳ್ಳಿ. ಬಿದರಿ ಅಂದರೆ ಬೀದರಿನ ಲೋಹದ ಕುಸುರಿ ಕೆಲಸ. ಅದರ ಒಂದು ಹೂಜಿಯ ಫೋಟೋ ತೆಗೆದು ಮಷಿನ್‌ಗೆ ಕೊಟ್ಟಿದ್ದಾರೆ, ಅಷ್ಟೇ.

ಬಿದರಿಯ ಚಂದ ಇರುವುದು ಬರೀ ಹೂಬಳ್ಳಿಯಲ್ಲಿ ಅಂತ ಯಾರು ಹೇಳಿದರೋ. ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಕಲಸಿದ ನೀರಲ್ಲಿ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಂಕು ಕಪ್ಪಿನ ಪಕ್ಕ ಹೊಳೆಯುವ ಗೆರೆ, ಆಟ ಇರುವುದು ಅಲ್ಲಿ. ಸ್ಯಾಟಿನ್ ಮೇಲೆ ಎರಡೂ ಒಟ್ಟಿಗೆ ಹೊಳೆದರೆ ಏನು ಉಳಿಯಿತು? ಹೊಳಪಿಲ್ಲದ ದಪ್ಪ ಕರಿ ಕಾಟನ್‌ನಲ್ಲಿ ಒಂದೆಳೆ ಬೆಳ್ಳಿ ಜರಿ ಓಡಿಸಿ. ಹೂವೇ ಬೇಡ. ನನಗೆ ಅದೇ ಜಾಸ್ತಿ ಬಿದರಿ.

ಚಿತ್ರದಿಂದ ಬಟ್ಟೆಗೆ ಅಂದ ತಕ್ಷಣ ಎಲ್ಲರೂ ಫ್ರಾನ್ಸಿನ ಡಿಸೈನರ್ ಈವ್ ಸ್ಯಾಂ ಲೋರಾನ್ 1965ರಲ್ಲಿ ಚಿತ್ರಕಾರ ಮೊಂಡ್ರಿಯಾನ್‌ನ ಚಿತ್ರ ನೋಡಿ ಮಾಡಿದ ಮೊಂಡ್ರಿಯಾನ್ ಡ್ರೆಸ್ ತೋರಿಸುತ್ತಾರೆ. ಕರಿ ಗೆರೆ, ಕೆಂಪು, ಹಳದಿ, ನೀಲಿ ಚೌಕ. ನೋಡಿದರೆ ಪ್ರಿಂಟ್ ಅನಿಸುತ್ತದೆ, ಅಲ್ವಾ? ಅದು ಪ್ರಿಂಟ್ ಅಲ್ಲ. ಒಂದೊಂದು ಚೌಕವೂ ಬೇರೆ ಬೇರೆ ಉಣ್ಣೆ ಜರ್ಸಿ ತುಂಡು, ಕೂಡಿಸಿ ಹೊಲಿದದ್ದು. ಮೈಗೆ ಹೊಂದಲು ಬೇಕಾದ ಶೇಪ್ ಎಲ್ಲ ಆ ಹೊಲಿಗೆಗಳ ಒಳಗೇ ಅಡಗಿದೆ. ಸಪಾಟಾದ ಚಿತ್ರವನ್ನು ಉಬ್ಬುತಗ್ಗಿನ ಮೈ ಮೇಲೆ ಸಪಾಟಾಗೇ ಕಾಣಿಸುವುದು ಹೇಗೆ? ಆ ಲೆಕ್ಕವನ್ನು ಅವರು ಕತ್ತರಿಯಲ್ಲಿ ಬಿಡಿಸಿದರು. ಆಮೇಲೆ ಬಂದ ಅಗ್ಗದ ನಕಲುಗಳಿಗೆ ಲೆಕ್ಕವಿಲ್ಲ. ಇರಲಿ.

ನನಗೆ ಇನ್ನೂ ಹತ್ತಿರದವರು ಸಿನಿಮಾ ಉಡುಪು ಮಾಡುತ್ತಿದ್ದ ಭಾನು ಅಥೈಯಾ. ಕೊಲ್ಹಾಪುರದವರು, ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಕಲಿತವರು. 1982ರ 'ಗಾಂಧಿ' ಸಿನಿಮಾದ ಉಡುಪಿಗೆ ಆಸ್ಕರ್ ಪಡೆದವರು, ಭಾರತಕ್ಕೆ ಅದೇ ಮೊದಲ ಆಸ್ಕರ್. ಆದರೆ ನನ್ನ ಕಣ್ಣಿಗೆ ಅವರ ದೊಡ್ಡ ಕೆಲಸ 1966ರ 'ಆಮ್ರಪಾಲಿ'. ಅದಕ್ಕಾಗಿ ಅವರು ಅಜಂತಾ ಗುಹೆಗಳಿಗೆ ಹೋಗಿ ಚಿತ್ರಗಳನ್ನು ನೋಡಿ ಬಂದರು. ಗೋಡೆಯ ಮೇಲಿನ ಹೆಂಗಸು ಕದಲುವುದಿಲ್ಲ. ವೈಜಯಂತಿಮಾಲಾ ಕುಣಿಯಬೇಕು. ಗೋಡೆಯಲ್ಲಿ ಕಂಡದ್ದು ಕುಣಿತಕ್ಕೂ ನಿಲ್ಲುವ ಹಾಗೆ ಮಾಡುವುದು ಸುಮ್ನೆ ಆಗುವ ಕೆಲಸವಲ್ಲ.

ಅಂದಹಾಗೆ ಅಜಂತಾ ನಮಗೆ ದೂರದ್ದೇನಲ್ಲ. 1948ರವರೆಗೆ ಅದೂ ನಾವೂ ನಿಜಾಮರ ಒಂದೇ ರಾಜ್ಯದಲ್ಲಿದ್ದೆವು. ಅಜಂತಾ ಬಗ್ಗೆ ದೊಡ್ಡ ಸಂಪುಟಗಳನ್ನು ತಂದ, ನಿಜಾಮರ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿ ಅವರೇ ಬೀದರ್ ಕಟ್ಟಡಗಳ ಬಗ್ಗೆಯೂ ದಪ್ಪ ಪುಸ್ತಕ ಬರೆದರು.

ಈಗ ನಮ್ಮ ಮನೆ ಮಾತಿಗೆ ಬರೋಣ. ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ್ದು 1916ರಲ್ಲಿ, ಇದೇ ಕಲಬುರಗಿಯಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ದೇವರ ಕ್ಯಾಲೆಂಡರ್ ಬರೆದರು. ಇಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಕಾರ್ಯಕ್ರಮಕ್ಕೆ ಹೋಗುತ್ತೇವೆ, ಬರುತ್ತೇವೆ. ಯಾರ ಹೆಸರು ಅಂತ ಎಷ್ಟು ಜನ ಕೇಳಿದ್ದೇವೆ?

ಆ ಕಾಲದ ಪೋಸ್ಟರ್ ಅಂದರೆ ಏನು ಅಂತ ಯೋಚಿಸಿ ನೋಡಿ. ಸಿನಿಮಾ ಕಪ್ಪು ಬಿಳುಪು. ಪೋಸ್ಟರ್ ಮಾತ್ರ ಬಣ್ಣದ್ದು. ನಾಯಕಿಯ ಸೀರೆ ಹಸಿರೋ ಕೆಂಪೋ ಅಂತ ಥಿಯೇಟರ್ ಒಳಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಊರಿಗೆ ಹೇಳುತ್ತಿದ್ದದ್ದು ಹೊರಗಿನ ಗೋಡೆ. ಅಂದರೆ ಪೋಸ್ಟರ್ ಬರೆಯುವವರೇ ಅರ್ಧ ಡ್ರೆಸ್ ಡಿಸೈನರ್. ಆ ಬಣ್ಣ ನೋಡಿ ಬ್ಲೌಸ್ ಪೀಸ್ ಕೊಂಡವರು ಎಷ್ಟು ಮಂದಿಯೋ!

ಕ್ಯಾಲೆಂಡರ್ ಕಥೆ ಇನ್ನೂ ಗಟ್ಟಿ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಶುರು ಮಾಡಿದ ಮೇಲೆ ದೇವಿಯರ ಚಿತ್ರ ಮನೆಮನೆಗೆ ಬಂತು. ದೀಪಾವಳಿಗೆ ಲಕ್ಷ್ಮಿ ಕೂಡಿಸುವಾಗ ನಮ್ಮಮ್ಮ ನೆರಿಗೆ ಹಿಡಿಯುವುದು ಗೋಡೆಯ ಚಿತ್ರ ನೋಡಿಕೊಂಡೇ. "ಸೆರಗು ಹೀಂಗ ಬರಬೇಕವ್ವಾ" ಅಂತ ಬೆರಳು ತೋರಿಸುತ್ತಾಳೆ. ಫ್ಯಾಷನ್ ಅನ್ನುವ ಪದವನ್ನು ಬಾಯಿಗೆ ತಂದವಳೇ ಅಲ್ಲ. ಆದರೆ ಅವಳು ನೋಡುವುದು ಬಟ್ಟೆ ಹೇಗೆ ಬೀಳುತ್ತದೆ ಅನ್ನುವುದನ್ನು. ಪ್ರಿಂಟ್ ಹೊಡೆಯುವವರು ನೋಡದೇ ಇರುವುದೂ ಅದನ್ನೇ.

ಬಟ್ಟೆ ಡಿಸೈನ್ ಕಲಿಯುವ ಇಲ್ಲಿನ ಹುಡುಗ ಹುಡುಗಿಯರು ಫೋನಿನಲ್ಲಿ ಫೋಟೋ ಹುಡುಕುತ್ತಾ ಕೂರುತ್ತಾರೆ. ಬೀದರ್ ಪಕ್ಕದ ಅಷ್ಟೂರಿಗೆ ಒಮ್ಮೆ ಹೋಗಬಾರದಾ? ಅಲ್ಲಿನ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗುಮ್ಮಟದ ಕೆಂಪು, ನೀಲಿ, ಚಿನ್ನದ ಬಣ್ಣ ಕಾಣುತ್ತದೆ. 15ನೇ ಶತಮಾನದ ಕೆಲಸ. ಅಲ್ಲಿ ಫೋಟೋ ತೆಗೆಯುವ ಮೊದಲು ಒಂದು ಲೆಕ್ಕ ಹಾಕಿ: ಯಾವ ಬಣ್ಣ ಎಷ್ಟಿದೆ, ಯಾವುದು ಬರೀ ಅಂಚಿಗೆ, ಯಾವುದರ ಪಕ್ಕ ಯಾವುದು. ಬಳ್ಳಿಯನ್ನು ಅಲ್ಲೇ ಬಿಟ್ಟು ಆ ಲೆಕ್ಕವನ್ನು ಮಾತ್ರ ತಂದು ಒಂದು ಕುರ್ತಾ ಹೊಲಿಸಿ ತೋರಿಸಿ. ದುಡ್ಡು ಕೊಟ್ಟು ನಾನೇ ಕೊಳ್ಳುತ್ತೇನೆ.

ಇನ್ನೊಂದು. ನಿಮ್ಮ ಮನೆಯ ಟ್ರಂಕಿನಲ್ಲಿ, ದೇವರ ಕೋಣೆಯಲ್ಲಿ ಪಂಡಿತರ ಹಳೇ ಕ್ಯಾಲೆಂಡರ್ ಇದ್ದರೆ ರದ್ದಿಗೆ ಹಾಕಬೇಡಿ. ಕಾಮೆಂಟಿನಲ್ಲಿ ಫೋಟೋ ಹಾಕಿ. ಸೀರೆಯ ಅಂಚು, ನೆರಿಗೆ ಸ್ಪಷ್ಟ ಕಾಣುವ ಹಾಗೆ ಹತ್ತಿರದಿಂದ ತೆಗೆಯಿರಿ. ಮುಖ ಬರದಿದ್ದರೂ ನಡೆಯುತ್ತದೆ.