ಸ್ಕಿಜೋಫ್ರೇನಿಯಾ ಬಂದರೆ ಬದುಕು ಮುಗಿಯಿತಾ?

ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಅದೇ ಸಂದೇಶ: ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಗುಣವಾಗಲ್ಲ, ಮಾತ್ರೆ ಬರೀ ನಿದ್ದೆಗೆ. ಇದು ತಪ್ಪು. ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಇಲ್ಲದ ದನಿ ಕೇಳಿಸುವುದನ್ನು, ಅತಿ ಸಂಶಯವನ್ನು ಮಾತ್ರೆ ತಗ್ಗಿಸುತ್ತದೆ. ನಿದ್ದೆ ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ಸುಮ್ನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು.

ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಮನೆಯಲ್ಲಿ ಚುಚ್ಚುಮಾತು ಕಡಿಮೆಯಿದ್ದರೆ ಮರುಕಳಿಸುವುದೂ ಕಡಿಮೆ. ಕಾಯಿಲೆ ಇರುವವರಿಗೆ ಕೆಲಸವೂ ಬೇಕು. ಅಡಿಕೆ ಸುಲಿಯುವವರ ಸಾಲಿನಲ್ಲಿ ಅವರಿಗೂ ಒಂದು ಮೆಟಗತ್ತಿ, ನಡುವೆ ಒಂದು ಲೋಟ ಚಹಾ, ‘ಇವತ್ತು ಎಷ್ಟು ಸುಲಿದೆ ತಮಾ?’ ಎಂಬ ಮಾತು. ಇಷ್ಟೂ ಲೆಕ್ಕಕ್ಕೆ ಬರುತ್ತದೆ.

ಆ ಸಂದೇಶ ಕಳಿಸಿದವರಿಗೂ ಕಾಳಜಿಯೇ ಇರುತ್ತದೆ, ಅಲ್ವಾ? ಆದರೂ ಬರೆದವರು ಯಾರು, ತಾರೀಖು ಇದೆಯಾ, ನೋಡಿ. ಸಂದೇಹವಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಬಹುದು.